ಕುಂಬಳಕಾಯಿ ಮೂಸಿ ಕಲಿತ ಬ್ಲಾಂಡ್ ಏಲ್

ಹಸಿ ಕುಂಬಳಕಾಯಿಯ ಹೋಳನ್ನು ಡಬ್ಬಿಯಲ್ಲಿಟ್ಟುಕೊಂಡು ಬಿಯರ್ ತಯಾರಿಸುವ ಬ್ರೂವರಿಗೆ ಹೋದ ದಿನ ನಗದವರಿಲ್ಲ. ಈಗ ಅವರೇ ಟ್ಯಾಂಕ್ ತೆರೆಯುವ ಮೊದಲು ನನ್ನನ್ನು ಕರೆಯುತ್ತಾರೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮನೆ ಹೊಸೂರಿನಲ್ಲಿ, ಬಿಯರ್ ಮೂಸಿ ರುಚಿ ನೋಡುವ ಕೆಲಸ ಬೆಂಗಳೂರಿನ ಒಂದು ಸಣ್ಣ ಬ್ರೂವರಿಯಲ್ಲಿ. ಅತ್ತಿಬೆಲೆ ಗಡಿ ದಾಟಿಸಿ ಬಿಯರ್ ತರುವ ತಾಪತ್ರಯ ನನಗೆ ಬೇಡ. ಹಾಗಾಗಿ ಮೂಗಿನ ಅಭ್ಯಾಸ ತಮಿಳುನಾಡಿನಲ್ಲಿ, ನಾಲಿಗೆಯ ಅಭ್ಯಾಸ ಕರ್ನಾಟಕದಲ್ಲಿ ಎಂದು ಪಾಲು ಮಾಡಿಕೊಂಡೆ.

ಮೊದಲು ದುಡ್ಡು ಕಳೆದೆ. ಬಿಯರಿನ ದೋಷಗಳ ವಾಸನೆ ಕಲಿಸುವ ವಿದೇಶಿ ಕ್ಯಾಪ್ಸೂಲುಗಳಿಗೆ ಹದಿನೆಂಟು ಸಾವಿರದ ಹತ್ತಿರ ಸುರಿದೆ. ಅರ್ಧದಷ್ಟು ಬಿಸಿಲಿಗೆ ಸತ್ತೇ ಬಂದಿದ್ದವು. ಜೊತೆಗೆ ಬಂದ ಪಟ್ಟಿಯಲ್ಲಿ ಅಸಿಟಾಲ್ಡಿಹೈಡ್ ಎಂಬ ದೋಷದ ವಾಸನೆ ಎಂದರೆ ‘ಹಸಿರು ಸೇಬು’ ಎಂದಿತ್ತು. ನಮ್ಮ ಹುಡುಗರು ತಿಂದಿದ್ದು ಕೆಂಪು ಸೇಬು ಮಾತ್ರ. ಒಂದು ಸಂಜೆ ಅಡುಗೆಮನೆಯಲ್ಲಿ ಹೆಂಡತಿ ಕುಂಬಳಕಾಯಿ ಹೆಚ್ಚುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಅದೇ! ಅಂದಿನಿಂದ ಪಟ್ಟಿಯನ್ನೇ ನಮ್ಮೂರಿನದಾಗಿಸಿದೆ: ಡಿಎಂಎಸ್‌ಗೆ (ಗಂಧಕದ ಒಂದು ಸಂಯುಕ್ತ) ಮುಸುಕಿನ ಜೋಳದ ತೆನೆ ಬೇಯಿಸಿದ ನೀರು, ಡೈಅಸಿಟೈಲ್‌ಗೆ ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತು, ಫೀನಾಲ್‌ಗೆ ಲವಂಗ. ಬಿಸಿಲು ತಾಗಿದ ಬಿಯರಿಗೆ ಪುಸ್ತಕಗಳು ಸ್ಕಂಕ್ ಎಂಬ ಪ್ರಾಣಿಯನ್ನು ತೋರಿಸುತ್ತವೆ. ನಮ್ಮಲ್ಲಿ ಅದನ್ನು ಕಂಡವರಾರು? ಒಂದು ಗ್ಲಾಸನ್ನು ತಾರಸಿಯ ಮೇಲೆ ಹತ್ತು ನಿಮಿಷ ಇಟ್ಟು ಮೂಸಿಸಿದೆ. ‘ಸುಟ್ಟ ರಬ್ಬರ್’ ಎಂದನೊಬ್ಬ. ಅದನ್ನೇ ಬರೆದುಕೊಂಡೆವು.

ಬ್ಲಾಂಡ್ ಏಲ್‌ನಲ್ಲಿ ತಪ್ಪು ಅಡಗಲು ಜಾಗವಿಲ್ಲ, ಅದು ಅಷ್ಟು ಹಗುರವಾದ ಬಿಯರ್. ಕಹಿ 15ರಿಂದ 28 ಐಬಿಯು (ಬಿಯರಿನ ಕಹಿ ಅಳೆಯುವ ಮಾನ), ತೆಳು ಬಣ್ಣ, ಸ್ವಲ್ಪ ಮಾಲ್ಟ್, ಅಷ್ಟೇ. ಆದರೂ ನಾನು ಎರಡು ತಿಂಗಳು ಮೋಸಹೋದೆ. 3 ಡಿಗ್ರಿಯಲ್ಲಿ ಸುರಿದು ‘ತುಂಬ ಶುದ್ಧ’ ಎಂದು ಬರೆಯುತ್ತಿದ್ದೆ. ಆ ಚಳಿಯಲ್ಲಿ ಯಾವ ವಾಸನೆ ಏಳುತ್ತದೆ? ಈಗ 8ರ ಆಸುಪಾಸಿಗೆ ಬಿಟ್ಟು ಮೂಸುತ್ತೇನೆ. ಇನ್ನೊಮ್ಮೆ ‘ಹಾಪ್ಸ್‌ನಲ್ಲಿ ಸೊಗಸಾದ ನಿಂಬೆ’ ಎಂದು ವರದಿ ಕೊಟ್ಟೆ (ಹಾಪ್ಸ್ ಎಂದರೆ ಬಿಯರಿಗೆ ಕಹಿ, ಪರಿಮಳ ಕೊಡುವ ಹೂ). ಅದು ಪಾತ್ರೆ ಸೋಪಿನ ನಿಂಬೆ. ನೊರೆ ಅರ್ಧ ನಿಮಿಷವೂ ನಿಲ್ಲದಾಗಲೇ ಅನುಮಾನ ಬರಬೇಕಿತ್ತು. ಹುರುಳಿ ಸಾರಿನ ಊಟದ ನಂತರ ರುಚಿ ನೋಡಿದ ದಿನಗಳ ಬಗ್ಗೆ ಹೇಳದಿರುವುದೇ ಲೇಸು.

ಕೊನೆಗೆ ಕೈಹಿಡಿದದ್ದು ಮೂರು ಗ್ಲಾಸಿನ ಪರೀಕ್ಷೆ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ, ಬೇರೆಯದನ್ನು ಗುರುತಿಸಬೇಕು. ಆರು ಜನರಲ್ಲಿ ನಾಲ್ವರು ಸರಿ ಹೇಳಿದರೆ ಅದೃಷ್ಟವೂ ಇರಬಹುದು, ಐವರು ಹೇಳಿದರೆ ನಂಬುತ್ತೇನೆ. ಗ್ಲಾಸುಗಳಿಗೆ ಕಪ್ಪು ಬಣ್ಣ ಬಳಿಸಿದ್ದೇನೆ, ಒಟ್ಟು ಖರ್ಚು ಎರಡು ಸಾವಿರದೊಳಗೆ. ಅಭ್ಯಾಸದ ದಿನಗಳಲ್ಲಿ ಮೂರನೆಯ ಗ್ಲಾಸಿಗೆ ನಾನು ಏನನ್ನು ಎಷ್ಟು ಹನಿ ಹಾಕುತ್ತೇನೆಂಬುದು ನನ್ನಲ್ಲೇ ಇರಲಿ.

ಫಲ ಸಿಕ್ಕಿದ್ದು ಸುಮಾರು 800 ಲೀಟರಿನ ಒಂದು ಟ್ಯಾಂಕಿನಲ್ಲಿ. ಹುದುಗುವಿಕೆ ಮುಗಿಯಿತು, ತಣ್ಣಗೆ ಮಾಡಿಬಿಡೋಣ ಎಂದು ಬ್ರೂವರ್ ನಿರ್ಧರಿಸಿಯಾಗಿತ್ತು. ನಾನು ಎರಡು ಮಾದರಿ ತೆಗೆದು, ಒಂದನ್ನು ಮುಚ್ಚಿ 60 ಡಿಗ್ರಿ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿಸಿ ಪಕ್ಕಪಕ್ಕದಲ್ಲಿಟ್ಟೆ. ತಣ್ಣನೆಯದರಲ್ಲಿ ಏನೂ ಇಲ್ಲ. ಬಿಸಿಯಾದದ್ದರ ಮುಚ್ಚಳ ತೆಗೆದರೆ ಬೇಕರಿಯ ಬಾಗಿಲು ತೆರೆದಂತೆ! ಬಿಸಿಗೆ ಹೊರಬಂದ ಡೈಅಸಿಟೈಲ್ ಅದು. ಬ್ರೂವರ್ ಮೂರು ಸಲ ಮೂಸಿ, ‘ನನಗೇನೂ ಬರುತ್ತಿಲ್ಲ’ ಎಂದ. ಪಾಪ, ಕೆಲವರ ಮೂಗಿಗೆ ಆ ವಾಸನೆ ಮುಟ್ಟುವುದೇ ಇಲ್ಲ. ಇಷ್ಟು ವರ್ಷ ಅವನಿಗೇ ಗೊತ್ತಿರಲಿಲ್ಲ. ಮೂರು ಗ್ಲಾಸಿನಲ್ಲಿ ಉಳಿದ ಆರು ಜನರೂ ಹಿಡಿದರು. ಅದನ್ನು ಯೀಸ್ಟೇ ತಿಂದು ಮುಗಿಸಲಿ ಎಂದು 20 ಡಿಗ್ರಿಯಲ್ಲಿ ಇನ್ನೂ ಮೂರು ದಿನ ಕೊಟ್ಟು ಮತ್ತೆ ಬಿಸಿ ಮಾಡಿ ನೋಡಿದೆವು. ಬಿಸ್ಕತ್ತು ಹೋಗಿತ್ತು. ಬ್ಯಾಚ್ ಉಳಿಯಿತು, ಸಂಬಳ ಮಾತ್ರ ಏರಲಿಲ್ಲ.

ಹಳಸಿದ ಬಿಯರಿನ ಒದ್ದೆ ರಟ್ಟಿನ ವಾಸನೆಗೆ ಮಾತ್ರ ಇನ್ನೂ ಒಳ್ಳೆಯ ಮಾದರಿ ಸಿಕ್ಕಿಲ್ಲ. ಪೆಟ್ಟಿಗೆಯ ತುಂಡನ್ನು ನೆನೆಸಿದೆ, ಅಂಟಿನ ವಾಸನೆ ಬಂತು. ದಿನಪತ್ರಿಕೆ ನೆನೆಸಿದರೆ ಶಾಯಿ. ಈಗ ಬ್ರೂವರಿಯ ಬಿಸಿ ಕೋಣೆಯಲ್ಲಿ ನಾಲ್ಕು ಬಾಟಲಿ ಇಟ್ಟು ಕಾಯುತ್ತಿದ್ದೇನೆ. ಮೊನ್ನೆ ಯಾರೋ ಒಂದನ್ನು ಕುಡಿದುಬಿಟ್ಟಿದ್ದಾರೆ.