ಇಪ್ಪತ್ತನೇ ಸಾಲಿಗೆ ಕಣ್ಣು ಕಾಣುವುದಿಲ್ಲ

ಆ ಸಿನಿಮಾವನ್ನು ಸಂಗೀತ ನಾಟಕ ಮಾಡೋಣ ಅಂತ ನಮ್ಮ ನಿರ್ದೇಶಕರು ಹೇಳಿದ ರಾತ್ರಿ ನಾನು ಪೆನ್ನು ಹಿಡಿದು ಕೂತು ದೃಶ್ಯಗಳನ್ನು ಎಣಿಸಿದೆ. 112 ಇದ್ದವು. ಬಸ್ಸು, ಮಳೆ, ಆಸ್ಪತ್ರೆಯ ಕಾರಿಡಾರು, ನದಿ, ಮತ್ತೆ ಬಸ್ಸು. ಕೆಲವಂತೂ ಹತ್ತು ಸೆಕೆಂಡೂ ಇಲ್ಲ. ಎರಡು ವರ್ಷದ ನಂತರ ನಾಟಕ ರಂಗಕ್ಕೆ ಬಂದಾಗ ಉಳಿದಿದ್ದು 17 ದೃಶ್ಯ, 14 ಹಾಡು. ರಂಗರೂಪ ಬರೆದದ್ದು ನಾನು. ಅರ್ಧದಷ್ಟು ಹಾಡುಗಳೂ ನನ್ನವೇ. ಸಿನಿಮಾದ ಹೆಸರು ಇಲ್ಲಿ ಬೇಡ. ಅಪ್ಪ, ಮಗಳು, ಹನ್ನೊಂದು ವರ್ಷ ತಡವಾಗಿ ಬಂದ ಒಂದು ಪತ್ರ. ಇಷ್ಟು ಗೊತ್ತಿದ್ದರೆ ಸಾಕು.

ಮೊದಲ ಏಳು ತಿಂಗಳು ಹಕ್ಕು ಕೇಳುವುದರಲ್ಲೇ ಹೋಯಿತು. ಮೂಲ ಕಥೆಯ ಹಕ್ಕು ಒಬ್ಬರ ಹತ್ತಿರ, ಸಿನಿಮಾದ್ದು ಇನ್ನೊಬ್ಬರ ಹತ್ತಿರ, ಹಾಡುಗಳದ್ದು ಮತ್ತೊಬ್ಬರ ಹತ್ತಿರ. ಮೊದಲ ಇಬ್ಬರು ಒಪ್ಪಿದರು. ಹಾಡಿನವರು ಒಪ್ಪಲಿಲ್ಲ. ಎಲ್ಲರ ಬಾಯಲ್ಲೂ ಇರುವ ಆ ಒಂದು ಹಾಡೇ ಇಲ್ಲದೆ ನಾಟಕ ಮಾಡುವುದು ಹೇಗೆ ಅಂತ ನಾವು ತಲೆ ಮೇಲೆ ಕೈ ಹೊತ್ತು ಕೂತೆವು. ಈಗ ಅನಿಸುತ್ತದೆ, ಸಿಕ್ಕಿದ್ದರೆ ಕೆಟ್ಟೆವು. ಸಿನಿಮಾದ ಹಾಡು ಹೆಚ್ಚಾಗಿ ಹಿನ್ನೆಲೆಯಲ್ಲಿ ಬರುತ್ತದೆ, ಚಿತ್ರ ಮುಂದೆ ಓಡುತ್ತಿರುತ್ತದೆ. ರಂಗದ ಮೇಲೆ ಪಾತ್ರ ನಿಂತು ಹಾಡಬೇಕು. ಹಾಡು ಮುಗಿಯುವಷ್ಟರಲ್ಲಿ ಆ ಪಾತ್ರಕ್ಕೆ ಏನಾದರೂ ಆಗಿರಬೇಕು. ಆಗಿಲ್ಲ ಅಂದರೆ ಜನ ಕೆಮ್ಮಲು ಶುರು ಮಾಡುತ್ತಾರೆ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟಿದ್ದು ‘ಬಿಲ್ಲಿ ಎಲಿಯಟ್’. ಬ್ಯಾಲೆ ಕುಣಿಯಲು ಹೊರಟ ಒಬ್ಬ ಹುಡುಗನ ಕಥೆ. 2000ದ ಸಿನಿಮಾ, 2005ರಲ್ಲಿ ಲಂಡನ್ನಿನ ವಿಕ್ಟೋರಿಯಾ ಪ್ಯಾಲೆಸ್ ಥಿಯೇಟರಿನಲ್ಲಿ ನಾಟಕವಾಯಿತು. ಸಿನಿಮಾದಲ್ಲಿ ಇದ್ದದ್ದು ಬಹುಪಾಲು ಹಳೆಯ ರಾಕ್ ಹಾಡುಗಳು. ನಾಟಕಕ್ಕೆ ಎಲ್ಟನ್ ಜಾನ್ ಹೊಸ ಸಂಗೀತ ಕೊಟ್ಟರು, ಚಿತ್ರಕಥೆ ಬರೆದಿದ್ದ ಲೀ ಹಾಲ್ ಅವರೇ ಹಾಡುಗಳನ್ನೂ ಬರೆದರು. ಕುಣಿಯುವಾಗ ಹೇಗನಿಸುತ್ತದೆ ಅಂತ ಬ್ಯಾಲೆ ಶಾಲೆಯ ಸಂದರ್ಶನದಲ್ಲಿ ಕೇಳಿದಾಗ, ಮೈಯಲ್ಲಿ ಕರೆಂಟು ಹರಿದ ಹಾಗೆ ಅಂತ ಆ ಹುಡುಗ ಸಿನಿಮಾದಲ್ಲಿ ತಡವರಿಸಿಕೊಂಡು ಹೇಳುತ್ತಾನೆ. ನಾಲ್ಕೇ ಮಾತು. ನಾಟಕದಲ್ಲಿ ಅದೇ ಮಾತು ಪೂರ್ತಿ ಹಾಡಾಗಿ, ಕುಣಿತವಾಗಿ ಬೆಳೆಯಿತು. ಅದನ್ನು ನೋಡಿದ ಮೇಲೆ ನಾನು ನಮ್ಮ ಸಿನಿಮಾವನ್ನು ಮತ್ತೆ ನೋಡಿದೆ. ಮಾತು ಎಲ್ಲೆಲ್ಲಿ ತಡವರಿಸುತ್ತದೋ ಅಲ್ಲೆಲ್ಲಾ ಗುರುತು ಹಾಕಿದೆ. ನಮ್ಮ ಹಾಡುಗಳಲ್ಲಿ ಒಂಬತ್ತು ಅಲ್ಲಿಂದಲೇ ಬಂದವು.

ಆದರೆ ಪತ್ರದ ದೃಶ್ಯ ಮಾತ್ರ ನನ್ನ ಕೈಗೆ ಸಿಗಲೇ ಇಲ್ಲ.

ಸಿನಿಮಾದಲ್ಲಿ ಅದು ನಲವತ್ತು ಸೆಕೆಂಡಿನ ಕ್ಲೋಸಪ್. ಮಗಳು ಪತ್ರ ಓದುತ್ತಾಳೆ. ಮಾತಿಲ್ಲ, ಸಂಗೀತವೂ ಇಲ್ಲ. ಬರೀ ಕಣ್ಣು. ಜನ ಆ ಸಿನಿಮಾವನ್ನು ನೆನಪಿಟ್ಟುಕೊಂಡಿರುವುದೇ ಆ ಕಣ್ಣಿಗಾಗಿ. ರಂಗಮಂದಿರದ ಇಪ್ಪತ್ತನೇ ಸಾಲಿನಲ್ಲಿ ಕೂತವರಿಗೆ ಕಣ್ಣು ಎಲ್ಲಿ ಕಾಣುತ್ತೆ? ಕ್ಲೋಸಪ್ಪಿನ ಜಾಗಕ್ಕೆ ಹಾಡು ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದೆ. ಅವಳಿಗೆ ಒಂದು ದೊಡ್ಡ ಹಾಡು ಬರೆದೆ. ನಾಲ್ಕೂವರೆ ನಿಮಿಷ, ಕೊನೆಯಲ್ಲಿ ತಾರಸ್ಥಾಯಿಯಲ್ಲಿ ಉದ್ದನೆಯ ಸ್ವರ. ಬರೆದ ದಿನ ನನಗೇ ಕಣ್ಣೀರು ಬಂದಿತ್ತು.

ನಾಟಕವನ್ನು ಮೊದಲ ಸಲ ಕೆಲವರ ಮುಂದೆ ಓದಿ ಹಾಡಿದ ದಿನ ಗೊತ್ತಾಯಿತು ಅದರ ಬಣ್ಣ. ಸೆಟ್ ಇಲ್ಲ, ವೇಷ ಇಲ್ಲ. ಅರ್ಧ ವೃತ್ತದಲ್ಲಿ ಕುರ್ಚಿ, ಒಂದು ಕೀಬೋರ್ಡು, ಎದುರಿಗೆ ಹನ್ನೆರಡು ಮಂದಿ ಕೇಳುಗರು. ನಾನು ನಾಟಕ ನೋಡಲಿಲ್ಲ, ಅವರ ಮುಖ ನೋಡುತ್ತಾ ಕೂತೆ. ಸುಮ್ನೆ ಹೊಗಳುವವರ ಮಾತಿಗಿಂತ ಕೂತವರು ಕುರ್ಚಿಯಲ್ಲಿ ಮಿಸುಕಾಡುವುದನ್ನು ನಾನು ಜಾಸ್ತಿ ನಂಬುತ್ತೇನೆ. ಪತ್ರದ ಹಾಡು ಎರಡನೇ ಚರಣಕ್ಕೆ ಬಂದಾಗ ಒಬ್ಬರು ಗಡಿಯಾರ ನೋಡಿದರು. ಇನ್ನೊಬ್ಬರು ನೀರಿನ ಬಾಟಲಿ ಹುಡುಕಿದರು. ಅವಳಿಗೆ ದುಃಖವಾಗಿದೆ ಅಂತ ಅವರಿಗೆ ಆಗಲೇ ಗೊತ್ತಿತ್ತು. ಗೊತ್ತಿರುವುದನ್ನೇ ಅವಳು ನಾಲ್ಕೂವರೆ ನಿಮಿಷ ಹೇಳುತ್ತಿದ್ದಳು.

ಮೂರು ಸಲ ಬದಲಿಸಿದೆ. ಚಿಕ್ಕದು ಮಾಡಿದೆ, ಅಪ್ಪನ ದನಿ ಸೇರಿಸಿದೆ, ರಾಗ ಬದಲಾಯಿತು. ಒಂದೂ ನಿಲ್ಲಲಿಲ್ಲ. ದಾರಿ ಸಿಕ್ಕಿದ್ದು ತಾಲೀಮಿನ ಒಂದು ತಪ್ಪಿನಿಂದ. ಅವತ್ತು ಮಗಳ ಪಾತ್ರದ ನಟಿಗೆ ಗಂಟಲು ಕಟ್ಟಿತ್ತು. ನೀನು ಹಾಡಬೇಡ, ಸುಮ್ಮನೆ ಜಾಗದಲ್ಲಿ ನಿಲ್ಲು ಅಂತ ನಿರ್ದೇಶಕರು ಹೇಳಿದರು. ಅದರ ಮುಂದಿನದು ಮೇಳದವರ ಕೆಲಸದ ಹಾಡು. ಅವರಿಗೆ ಯಾರೋ ತಪ್ಪಾಗಿ ಸನ್ನೆ ಕೊಟ್ಟರು. ಹದಿನಾಲ್ಕು ಜನ ನಗುತ್ತಾ ಹಾಡುತ್ತಾ ಒಳಗೆ ಬಂದರು. ನಡುವೆ ಅವಳೊಬ್ಬಳು ಕಾಗದ ಹಿಡಿದು ನಿಂತಿದ್ದಳು, ಬಾಯಿ ಬಿಡದೆ. ಎಲ್ಲರೂ ಹಾಡುತ್ತಿರುವಾಗ ಹಾಡದೆ ನಿಂತವಳ ಮೇಲಿಂದ ಕಣ್ಣು ಕೀಳಲು ಯಾರಿಗೂ ಆಗಲಿಲ್ಲ. ಕೀಬೋರ್ಡು ನುಡಿಸುತ್ತಿದ್ದವರು ತಿರುಗಿ ನನ್ನ ಕಡೆ ನೋಡಿದರು. ನನ್ನ ನಾಲ್ಕೂವರೆ ನಿಮಿಷದ ಹಾಡು ಆ ಸಂಜೆಯೇ ಕಸದ ಬುಟ್ಟಿಗೆ ಹೋಯಿತು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಸೆಟ್ಟಿನ ಕಥೆ ಬೇರೆ. ಸಿನಿಮಾದವರು ಒಂದು ಕಟ್ ಹಾಕಿ ಆಸ್ಪತ್ರೆಯಿಂದ ನದಿಗೆ ಹೋಗುತ್ತಾರೆ. ನಾವು ಚಕ್ರದ ಮೇಲೆ ಆಸ್ಪತ್ರೆ, ಚಕ್ರದ ಮೇಲೆ ಮನೆ, ಚಕ್ರದ ಮೇಲೆ ಬಸ್ಸು ಮಾಡಿಸಿದ್ದೆವು. ಸೆಟ್ಟು, ಬೆಳಕು, ಧ್ವನಿ ಎಲ್ಲ ಸೇರಿಸಿ ಮಾಡುವ ತಾಂತ್ರಿಕ ತಾಲೀಮಿನ ಮೊದಲ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಇಪ್ಪತ್ತೆರಡು ನಿಮಿಷದ ನಾಟಕ ಮಾತ್ರ ಮುಂದೆ ಸಾಗಿತು. ಆಸ್ಪತ್ರೆ ಮನೆಗೆ ಡಿಕ್ಕಿ ಹೊಡೆಯಿತು. ಬಸ್ಸು ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಸಿಕ್ಕಿಹಾಕಿಕೊಂಡು ಅಲ್ಲೇ ಉಳಿಯಿತು. ಹದಿನಾಲ್ಕು ಸೆಕೆಂಡು ಬ್ಲಾಕೌಟ್, ಕತ್ತಲಲ್ಲಿ ಸ್ಟೇಜ್ ಕೆಲಸದವರ ಬೈಗುಳ. ಹದಿನಾಲ್ಕು ಸೆಕೆಂಡು ಅಂದರೆ ಕಡಿಮೆ ಅಲ್ವಾ ಅನಿಸಬಹುದು. ಕತ್ತಲಲ್ಲಿ ಕೂತು ಎಣಿಸಿ ನೋಡಿ.

‘ದಿ ಲಯನ್ ಕಿಂಗ್’ ನಾಟಕ 1997ರಲ್ಲಿ ಬಂದಾಗ ಅದರ ನಿರ್ದೇಶಕಿ ಜೂಲಿ ಟೇಮರ್ ಹುಲ್ಲುಗಾವಲನ್ನು ಚಕ್ರದ ಮೇಲೆ ತಳ್ಳಿಕೊಂಡು ಬರಲಿಲ್ಲ. ನಟರೇ ತಲೆಯ ಮೇಲೆ ಹುಲ್ಲು ಹೊತ್ತು ನಡೆದು ಬಂದರು. ಸಿಂಹದ ಮುಖವಾಡವನ್ನೂ ತಲೆಯ ಮೇಲಿಟ್ಟು, ಕೆಳಗೆ ನಟನ ಮುಖ ಕಾಣುವಂತೆ ಬಿಟ್ಟರು. ಮಾಡುವ ಬಗೆಯನ್ನು ಬಚ್ಚಿಡಲೇ ಇಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಚಕ್ರ ಮಾಡಿಸಿದೆವು, ಯಾಕೆ ಅಂತ ಕೇಳಬೇಡಿ. ಮರುದಿನ ಮೂರನ್ನೂ ಹೊರಗೆ ಹಾಕಿದೆವು. ಎಂಟು ಬೆಂಚು, ಒಂದು ಉದ್ದನೆಯ ನೀಲಿ ಬಟ್ಟೆ ಉಳಿದವು. ಬೆಂಚು ಸಾಲಾಗಿಟ್ಟರೆ ಬಸ್ಸು, ಅಡ್ಡ ಇಟ್ಟರೆ ಆಸ್ಪತ್ರೆ. ಬಟ್ಟೆ ಬಿಚ್ಚಿದರೆ ನದಿ. ಎತ್ತಿಡುವುದೆಲ್ಲಾ ಮೇಳದವರದೇ ಕೆಲಸ, ಹಾಡುತ್ತಲೇ. ದೃಶ್ಯ ಬದಲಾವಣೆಗೆ ಅಂತ ನಾಲ್ಕು ಪುಟ್ಟ ಹಾಡು ಬರೆದುಕೊಟ್ಟೆ. ಸಂಗೀತ ಚೆನ್ನಾಗಿದೆ ಅಂದವರೆಲ್ಲ ಅವುಗಳಲ್ಲಿ ಒಂದನ್ನು ಹೆಸರಿಸುತ್ತಾರೆ.

ಹೊರಗಿನವರಿಗೆ ಗೊತ್ತಾಗದ ಇನ್ನೊಂದು ಕೆಲಸ ವ್ಯಾಂಪ್. ಅಂದರೆ ನಟ ಸಿದ್ಧವಾಗುವವರೆಗೆ ವಾದ್ಯದವರು ಅದೇ ಎರಡು ಸಾಲನ್ನು ಸುತ್ತಿ ಸುತ್ತಿ ನುಡಿಸುವುದು. ಮಗಳು ಶಾಲೆಯ ಬಟ್ಟೆಯಿಂದ ಮದುವೆಯ ಬಟ್ಟೆಗೆ ಬದಲಾಗಲು 35 ಸೆಕೆಂಡು. ಗುಂಡಿಗಳ ಹಿಂದೆ ವೆಲ್ಕ್ರೋ, ವಿಂಗಿನಲ್ಲಿ ಇಬ್ಬರು ಸಹಾಯಕರು, ಒಬ್ಬರ ಬಾಯಲ್ಲಿ ಟಾರ್ಚು. ಹಣೆಯ ಕೂದಲಂಚಿಗೆ ಅಂಟಿಸಿದ ಮೈಕು ಬೆವರಿಗೆ ಜಾರಿದರೆ ಅದನ್ನೂ ಅಷ್ಟರಲ್ಲೇ ಸರಿಮಾಡಬೇಕು. ಒಂದು ರಾತ್ರಿ ವ್ಯಾಂಪ್ ಹನ್ನೊಂದು ಸಲ ಸುತ್ತಿತು. ತಬಲಾದವರು ಬೇಜಾರಾಗಿ ತಮ್ಮದೇ ತಿರುವು ಹಾಕತೊಡಗಿದರು. ಅದು ಚೆನ್ನಾಗಿತ್ತು, ಹಾಗೇ ಉಳಿಸಿಕೊಂಡೆವು.

ಸಿನಿಮಾದ ನಟಿ ಒಮ್ಮೆ ಅತ್ತರೆ ಅದು ಎಂದೆಂದಿಗೂ ಉಳಿಯುತ್ತದೆ. ನಾಟಕದವಳು ನಾಳೆಯೂ ಅಳಬೇಕು. ಬಿಲ್ಲಿಯ ಪಾತ್ರಕ್ಕೆ ಶುರುವಿನಲ್ಲೇ ಮೂವರು ಹುಡುಗರನ್ನು ಸರದಿಯಲ್ಲಿ ಇಟ್ಟುಕೊಂಡಿದ್ದರು. ನಮ್ಮ ಬಳಿ ಒಬ್ಬಳೇ ಇದ್ದಳು. ಹೋದ ತಿಂಗಳು ಅವಳು ಬೇರೆ ಕೆಲಸಕ್ಕೆ ಹೋದಳು. ಹೊಸದಾಗಿ ಬಂದ ನಟಿಯ ದನಿ ತಗ್ಗು. ಆರು ಹಾಡುಗಳ ಶ್ರುತಿ ಇಳಿಸಬೇಕಾಯಿತು, ವಾದ್ಯದವರಿಗೆಲ್ಲ ಮತ್ತೆ ಸ್ವರ ಬರೆದುಕೊಡಬೇಕಾಯಿತು. ವಾರವಿಡೀ ಕೂತು ಪುಟ ತಿರುವಿದೆವು. ಪತ್ರದ ದೃಶ್ಯ ಬಂದಾಗ ಸಂಗೀತ ನಿರ್ದೇಶಕರು, “ಇಲ್ಲಿ ಏನೂ ಮಾಡಬೇಕಿಲ್ಲ, ಇವಳು ಹಾಡೋದೇ ಇಲ್ಲವಲ್ಲ” ಅಂತ ಪುಟ ಮಗುಚಿದರು.