ಇಂಗ್ಲೆಂಡಿನ ನರ್ಸ್ ಪಗಾರ: ಕೈಗೆ ಬಂದದ್ದು, ಮನೆಗೆ ಉಳಿದದ್ದು

ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯ ಕಾಲೇಜುಗಳಲ್ಲಿ ನರ್ಸಿಂಗ್ ಓದಿ ಕಲಬುರಗಿಯ ಖಾಸಗಿ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ತಂಗಿಯರು ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಅಲ್ಲಿ ಪಗಾರ ಎಷ್ಟದ?" ನಾನು ಅವರಿಗೆ ಮೂರು ಅಂಕಿ ಹೇಳುತ್ತೇನೆ. ನೇಮಕಪತ್ರದಲ್ಲಿ ಬರೆದದ್ದು, ಬ್ಯಾಂಕಿಗೆ ಬಿದ್ದದ್ದು, ತಿಂಗಳ ಕೊನೆಗೆ ಉಳಿದದ್ದು. 2024ರ ಏಪ್ರಿಲ್‌ನಲ್ಲಿ ನಾನು ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಬಂದ ಮೇಲೆ ಮೊದಲ ಅಂಕಿ ಏರುತ್ತಲೇ ಹೋಗಿದೆ, ಆದರೆ ಮೂರನೆಯದು ಒಂದು ಹಂತದಲ್ಲಿ ಐದನೇ ಒಂದು ಭಾಗಕ್ಕೆ ಕುಸಿದಿತ್ತು. ಹೀಗಾಗುವುದೆಂದು ಮೊದಲೇ ಲೆಕ್ಕ ಹಾಕಿಟ್ಟುಕೊಂಡಿದ್ದರಿಂದ ನಮ್ಮ ಮನೆ ಸಾಲಕ್ಕೆ ಬೀಳಲಿಲ್ಲ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ನನಗೆ ತಿಂಗಳಿಗೆ 16 ಸಾವಿರ ರೂಪಾಯಿ ಬರುತ್ತಿತ್ತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ನೋಂದಾಯಿತ ನರ್ಸ್‌ಗೆ ದೊರೆಯುವ ಆರಂಭದ ದರ್ಜೆ ಬ್ಯಾಂಡ್ 5. 2024–25ರಲ್ಲಿ ಅದರ ವರ್ಷದ ಪಗಾರ 29,970 ಪೌಂಡ್. ಆಗ ಪೌಂಡಿಗೆ ಸುಮಾರು 105 ರೂಪಾಯಿ ಇದ್ದುದರಿಂದ ಊರಿನಲ್ಲಿ ಎಲ್ಲರೂ "ವರ್ಷಕ್ಕ ಮೂವತ್ತೊಂದು ಲಕ್ಷ" ಎಂದು ಮಾತಾಡಿಕೊಂಡರು. ಆ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ದುಡಿದದ್ದನ್ನು ರೂಪಾಯಿಗೆ ತಿರುಗಿಸಿ, ಖರ್ಚನ್ನು ಮಾತ್ರ ಊರಿನ ದರದಲ್ಲಿ ಊಹಿಸಿಕೊಂಡರೆ ಇಡೀ ಲೆಕ್ಕ ಸುಳ್ಳಾಗುತ್ತದೆ. ಆದ್ದರಿಂದ ಹೊರಡುವ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ಆದಾಯ, ಖರ್ಚು ಎರಡನ್ನೂ ಪೌಂಡಿನಲ್ಲೇ ಬರೆದು, ಕೊನೆಗೆ ಉಳಿಯುವ ಮೊತ್ತವನ್ನಷ್ಟೇ ರೂಪಾಯಿಗೆ ತಿರುಗಿಸುವ ಪದ್ಧತಿ ಇಟ್ಟುಕೊಂಡೆ. ಇಂದಿಗೂ ಅದೇ ನಡೆದಿದೆ.

ಹೊರಡುವ ಮೊದಲಿನ ಖರ್ಚನ್ನು ಬೇಗ ಹೇಳಿ ಮುಗಿಸುತ್ತೇನೆ. ಓಇಟಿ ಇಂಗ್ಲಿಷ್ ಪರೀಕ್ಷೆಗೆ ಸುಮಾರು 32 ಸಾವಿರ ರೂಪಾಯಿ, ಅಲ್ಲಿನ ನರ್ಸಿಂಗ್ ಮಂಡಳಿಯಾದ ಎನ್‌ಎಂಸಿಯ ದಾಖಲೆ ಪರಿಶೀಲನೆಗೆ 140 ಪೌಂಡ್, ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆಗೆ 83 ಪೌಂಡ್, ನೋಂದಣಿಗೆ 153 ಪೌಂಡ್. ಇವುಗಳ ಜೊತೆಗೆ ಕೋಚಿಂಗ್ ಮತ್ತು ಹೈದರಾಬಾದಿನ ಓಡಾಟ. ವೀಸಾ ಶುಲ್ಕ, ವಿಮಾನದ ಟಿಕೆಟ್, ಇಲ್ಲಿಗೆ ಬಂದ ಮೇಲೆ ಬರೆಯಬೇಕಾದ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯ 794 ಪೌಂಡ್, ಮೊದಲ ತಿಂಗಳ ವಸತಿ ಇವೆಲ್ಲವನ್ನೂ ಆಸ್ಪತ್ರೆಯೇ ಭರಿಸಿತು. ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ಅದನ್ನು ಭಾಗಶಃ ಹಿಂದಿರುಗಿಸಬೇಕೆಂಬ ಷರತ್ತು ನೇಮಕಪತ್ರದಲ್ಲಿ ಇತ್ತು. ಕಲಬುರಗಿಯಲ್ಲಿ ಒಬ್ಬ ಏಜೆಂಟ್ ಇದೇ ಕೆಲಸಕ್ಕೆ ಮೂರು ಲಕ್ಷ ಕೇಳಿದ್ದ. ಎನ್‌ಎಚ್‌ಎಸ್‌ಗೆ ನೇಮಕ ಮಾಡಿಕೊಡುವ ಏಜೆನ್ಸಿಗಳು ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ಪಡೆಯಬಾರದೆಂದು ಬ್ರಿಟನ್ನಿನ ನೀತಿಸಂಹಿತೆಯೇ ಹೇಳುತ್ತದೆ. ನರ್ಸ್ ಹುದ್ದೆಗೆ ಲಕ್ಷಗಟ್ಟಲೆ ಕೇಳುವವನ ಹತ್ತಿರ ದಯವಿಟ್ಟು ಯಾರೂ ಬಂಗಾರ ಅಡವಿಟ್ಟ ದುಡ್ಡು ಒಯ್ಯಬೇಡಿ.

ಇನ್ನು ಪೇಸ್ಲಿಪ್. ನಮ್ಮ ಕಡೆಯ ನರ್ಸ್‌ಗೆ ಆದಾಯ ತೆರಿಗೆ ಎಂಬುದು ದೊಡ್ಡ ನೌಕರಿಯವರ ಮಾತು. ಇಲ್ಲಿ ಅದು ಮೊದಲ ತಿಂಗಳಿನಿಂದಲೇ ಎದುರಿಗೆ ಬರುತ್ತದೆ. ವರ್ಷಕ್ಕೆ 12,570 ಪೌಂಡ್‌ವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ 20 ಪ್ರತಿಶತ ತೆರಿಗೆ ಮತ್ತು 8 ಪ್ರತಿಶತ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ಕಂತು. ಇವೆರಡರ ಜೊತೆಗೆ ಎನ್‌ಎಚ್‌ಎಸ್ ಪಿಂಚಣಿಯ ಕಂತು ಇದೆ. ಬ್ಯಾಂಡ್ 5ರ ಆರಂಭದಲ್ಲಿ ಅದು ಪಗಾರದ 8.3 ಪ್ರತಿಶತ. ಹೀಗಾಗಿ 29,970ರಲ್ಲಿ ವರ್ಷಕ್ಕೆ ಸುಮಾರು 2,490 ಪಿಂಚಣಿಗೆ, 2,980 ತೆರಿಗೆಗೆ, 1,390 ಇನ್ಶೂರೆನ್ಸ್‌ಗೆ ಹೋಗಿ, ತಿಂಗಳಿಗೆ ಕೈಗೆ ಬರುವುದು ಸುಮಾರು 1,925 ಪೌಂಡ್. ನೋಂದಣಿ ಸಿಗುವವರೆಗೆ ನನ್ನನ್ನು ಬ್ಯಾಂಡ್ 4ರಲ್ಲಿ ಇಟ್ಟಿದ್ದರು. ಆ ದರ್ಜೆಯ ಪಗಾರ ಆಗ 26,530, ಕೈಗೆ ಸುಮಾರು 1,770.

ಪೇಸ್ಲಿಪ್ಪಿನ ಮೇಲ್ಭಾಗದಲ್ಲಿ ಟ್ಯಾಕ್ಸ್ ಕೋಡ್ ಎಂಬ ಒಂದು ಸಣ್ಣ ಮನೆ ಇರುತ್ತದೆ. ಅದರಲ್ಲಿ 1257ಎಲ್ ಎಂದಿದ್ದರೆ 12,570ರ ವಿನಾಯಿತಿ ನಿಮಗೆ ಸಿಗುತ್ತಿದೆ ಎಂದರ್ಥ. ಬಿಆರ್ ಎಂದಿದ್ದರೆ ಮೊದಲ ಪೌಂಡಿನಿಂದಲೇ 20 ಪ್ರತಿಶತ ಕಡಿಯುತ್ತಾರೆ, ತಿಂಗಳಿಗೆ 200 ಪೌಂಡಿಗೂ ಹೆಚ್ಚು ಹೋಗುತ್ತದೆ. ಹೊಸದಾಗಿ ಬಂದವರ ಪೇಸ್ಲಿಪ್ಪಿನಲ್ಲಿ ಇದನ್ನು ನಾನು ಕಂಡಿದ್ದೇನೆ. ತೆರಿಗೆ ಇಲಾಖೆಗೆ ಫೋನ್ ಮಾಡಿ ಕೋಡ್ ಸರಿಪಡಿಸಿಕೊಂಡರೆ ಹೆಚ್ಚಾಗಿ ಕಡಿದದ್ದು ಮುಂದಿನ ಪಗಾರದಲ್ಲಿ ವಾಪಸು ಬರುತ್ತದೆ; ಆದರೆ ಕೇಳಬೇಕಾದವರು ನಾವೇ.

ಪಿಂಚಣಿಯ ಕಂತನ್ನು ನಿಲ್ಲಿಸಲು ಅವಕಾಶ ಇದೆ, ನಮ್ಮ ದೇಶದ ಅನೇಕರು ನಿಲ್ಲಿಸಿಯೂ ಇದ್ದಾರೆ. ಊರಿನಲ್ಲಿ ಸಾಲ ಇರುವಾಗ ಆ ದುಡ್ಡು ಕೈಗೆ ಬರಲಿ ಎನ್ನಿಸುವುದು ಸಹಜ. ನಾನು ನಿಲ್ಲಿಸಲಿಲ್ಲ. ನಾವು 8.3 ಪ್ರತಿಶತ ಹಾಕಿದರೆ ಉದ್ಯೋಗದಾತರ ಕಡೆಯಿಂದ 23.7 ಪ್ರತಿಶತ ಸೇರುತ್ತದೆ. ನಮ್ಮ ಕಂತಿಗೆ ತೆರಿಗೆ ವಿನಾಯಿತಿಯೂ ಇರುವುದರಿಂದ, ನಿಲ್ಲಿಸಿದರೂ ತಿಂಗಳಿಗೆ ಉಳಿಯುವುದು ಸುಮಾರು 165 ಪೌಂಡ್ ಮಾತ್ರ. ನನ್ನ ಅಪ್ಪನಿಗೆ ಮುಪ್ಪಿನಲ್ಲಿ ಹೊಲದ ತೊಗರಿಯ ರೇಟನ್ನು ಬಿಟ್ಟರೆ ಬೇರೆ ಆಸರೆ ಇಲ್ಲದ್ದನ್ನು ಕಂಡವಳು ನಾನು. ಆ 165 ಪೌಂಡಿಗಾಗಿ ನನ್ನ ಮುಪ್ಪಿನ ಆಸರೆಯನ್ನು ಕೈಬಿಡಲು ಮನಸ್ಸಾಗಲಿಲ್ಲ.

ರಾತ್ರಿ ಮತ್ತು ರಜೆ ದಿನದ ಡ್ಯೂಟಿಗೆ ಹೆಚ್ಚಿನ ದರ ಇದೆ. ಬ್ಯಾಂಡ್ 5ಕ್ಕೆ ಶನಿವಾರ ಮತ್ತು ವಾರದ ರಾತ್ರಿಗಳಲ್ಲಿ 30 ಪ್ರತಿಶತ, ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ 60 ಪ್ರತಿಶತ ಹೆಚ್ಚು. ನಮ್ಮ ಒಂದು ದೀರ್ಘ ಪಾಳಿಯಲ್ಲಿ ಪಗಾರ ಸಿಗುವುದು ಹನ್ನೊಂದೂವರೆ ಗಂಟೆಗೆ. 2024–25ರಲ್ಲಿ ಗಂಟೆಗೆ 15.33 ಪೌಂಡಿನ ಲೆಕ್ಕದಲ್ಲಿ ಒಂದು ಭಾನುವಾರ ದುಡಿದರೆ ಹೆಚ್ಚುವರಿಯಾಗಿ 105 ಪೌಂಡ್ ಸೇರುತ್ತಿತ್ತು. ಕಡಿತಗಳು ಮುಗಿದ ಮೇಲೆ ಕೈಗೆ ಉಳಿಯುತ್ತಿದ್ದುದು 69ರಷ್ಟು. ಸೋಮವಾರ ಮಾಡುವ ಅದೇ ಕೆಲಸವನ್ನು ಭಾನುವಾರ ಮಾಡಿದ್ದಕ್ಕೆ ಬರುವ ಈ ಹಣ ನನಗೆ ಬಹಳ ಆಸರೆಯಾಗಿದೆ.

ಬಸವಕಲ್ಯಾಣದ ನೆಲದವಳಾದ್ದರಿಂದ, 2015ರಲ್ಲಿ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ನಿಂತ ಲಂಡನ್ ನಗರದಲ್ಲೇ ಇರಬೇಕೆಂಬ ಆಸೆ ನನಗಿತ್ತು. ಲಂಡನ್ನಿನ ಒಳಭಾಗದಲ್ಲಿ ಪಗಾರದ ಮೇಲೆ 20 ಪ್ರತಿಶತ ಭತ್ಯೆಯೂ ಇದೆ. ಆದರೆ ಅಲ್ಲಿದ್ದ ಗೆಳತಿಯರಿಂದ ಬಾಡಿಗೆಯ ದರ ಕೇಳಿಸಿಕೊಂಡಾಗ, ಆ ಭತ್ಯೆ ಒಂದು ಕೋಣೆಯ ಹೆಚ್ಚುವರಿ ಬಾಡಿಗೆಗೇ ಮುಗಿಯುತ್ತದೆಂದು ತಿಳಿಯಿತು. ಕುಟುಂಬ ಕರೆಸಿಕೊಳ್ಳುವ ಯೋಚನೆ ಇರುವವರಿಗೆ ಮಧ್ಯ ಇಂಗ್ಲೆಂಡಿನ ಊರುಗಳೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಬ್ಬಳೇ ಇದ್ದ ಕಾಲದ ಖರ್ಚು ಹೀಗಿತ್ತು: ಆಸ್ಪತ್ರೆಯ ವಸತಿಗೃಹದ ಕೋಣೆಗೆ ಕರೆಂಟು, ನೀರು ಸೇರಿ 450, ಊಟಕ್ಕೆ 160, ಬಸ್ಸಿಗೆ 50, ಫೋನಿಗೆ 10, ಉಳಿದ ಸಣ್ಣಪುಟ್ಟದ್ದಕ್ಕೆ 50. ಎಲ್ಲ ಸೇರಿ 720. ಬ್ಯಾಂಡ್ 4ರ 1,770ರಲ್ಲಿ 1,050 ಪೌಂಡ್ ಉಳಿಯುತ್ತಿತ್ತು, ಅಂದರೆ ರೂಪಾಯಿಯಲ್ಲಿ ಒಂದು ಲಕ್ಷದ ಮೇಲೆ. ಊಟ ಅಷ್ಟು ಕಡಿಮೆಯಲ್ಲಿ ಮುಗಿದದ್ದು ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಿಂದ. ತೊಗರಿ ಬೇಳೆ, ಅಕ್ಕಿ, ಜೋಳದ ಹಿಟ್ಟು ಎಲ್ಲವೂ ಅಲ್ಲಿ ಸಿಗುತ್ತವೆ. ಎರಡು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುವುದಕ್ಕೂ ಕ್ಯಾಂಟೀನಿನಲ್ಲಿ ದಿನಾ ಉಣ್ಣುವುದಕ್ಕೂ ತಿಂಗಳಿಗೆ ನೂರು ಪೌಂಡಿನ ಅಂತರ ಬೀಳುತ್ತದೆ.

ಆ ತಿಂಗಳುಗಳಲ್ಲಿ ನಾನು ಊರಿಗೆ 800 ಪೌಂಡ್ ಕಳಿಸಿ 250ನ್ನು ಇಲ್ಲಿಯೇ ಇಟ್ಟುಕೊಳ್ಳುತ್ತಿದ್ದೆ. "ಅಷ್ಟು ಪಗಾರ ಬರ್ತದ, ಮನಿ ಕಟ್ಟಲಿಕ್ಕ ಇನ್ನೊಂದಿಷ್ಟು ಕಳಸವ್ವಾ" ಎಂದು ಅಪ್ಪ ಕೇಳಿದಾಗ ಮನಸ್ಸು ಕರಗುತ್ತಿತ್ತು. ಆದರೂ ಬ್ಯಾಂಡ್ 5 ಬಂದ ಮೇಲೆ ಹೆಚ್ಚಾದದ್ದನ್ನೆಲ್ಲ ಇಲ್ಲಿನ ಖಾತೆಯಲ್ಲೇ ಬಿಟ್ಟೆ. ಮನೆಯವರನ್ನೂ ಮಗಳನ್ನೂ ಕರೆಸಿಕೊಳ್ಳುವ ತಿಂಗಳಲ್ಲಿ ಏನೇನು ಒಟ್ಟಿಗೆ ಬೀಳುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಇಂಗ್ಲೆಂಡಿನಲ್ಲಿ ಬಾಡಿಗೆಯ ಮುಂಗಡ ಐದು ವಾರದ ಬಾಡಿಗೆಯನ್ನು ಮೀರಬಾರದೆಂಬ ಕಾನೂನು 2019ರಿಂದ ಇದೆ. 850 ಪೌಂಡಿನ ಮನೆಗೆ ಅದು 980 ಆಗುತ್ತದೆ. ಆದರೆ ಇಲ್ಲಿ ಹಳೆಯ ಸಾಲದ ದಾಖಲೆ ಇಲ್ಲದ ಹೊಸಬರಿಂದ ಮಾಲೀಕರು ಆಗ ಜಾಮೀನುದಾರನನ್ನೋ ಕೆಲವು ತಿಂಗಳ ಬಾಡಿಗೆಯನ್ನೋ ಮೊದಲೇ ಕೇಳುತ್ತಿದ್ದರು. ನಾನು ಮೂರು ತಿಂಗಳದ್ದನ್ನು ಕೊಟ್ಟೆ. ಅದರ ಮೇಲೆ ತಲಾ 304 ಪೌಂಡಿನ ಎರಡು ವೀಸಾ, ಹೈದರಾಬಾದಿನಿಂದ ಎರಡು ಟಿಕೆಟ್, ಹಾಸಿಗೆ, ಪಾತ್ರೆ. ಆರೋಗ್ಯ ಸಿಬ್ಬಂದಿಯ ವೀಸಾ ಆದ್ದರಿಂದ ವರ್ಷಕ್ಕೆ ತಲಾ 1,035 ಪೌಂಡಿನ ಆರೋಗ್ಯ ಶುಲ್ಕ ನಮಗೆ ಬೀಳಲಿಲ್ಲ; ಬೇರೆ ಉದ್ಯೋಗದ ವೀಸಾದವರು ಇದನ್ನು ಮರೆಯದೆ ಸೇರಿಸಿಕೊಳ್ಳಬೇಕು.

ಅವರಿಬ್ಬರೂ 2025ರಲ್ಲಿ ಬಂದರು. ಅಷ್ಟರಲ್ಲಿ ಬ್ಯಾಂಡ್ 5ರ ಪಗಾರ 31,049 ಆಗಿ, ಭಾನುವಾರ ಮತ್ತು ರಾತ್ರಿ ಪಾಳಿ ಸೇರಿ ನನ್ನ ಕೈಗೆ 2,180 ಬರುತ್ತಿತ್ತು. ಖರ್ಚು: ಬಾಡಿಗೆ 850, ಊರಿನ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸ್ 130, ಗ್ಯಾಸು ಮತ್ತು ಕರೆಂಟು 140, ನೀರು 35, ಇಂಟರ್ನೆಟ್ 28, ಊಟ 320, ಇಬ್ಬರ ಬಸ್ಸು 110, ಮಗಳ ನರ್ಸರಿ 250, ಫೋನು 20, ಬಟ್ಟೆಬರೆ 80. ಒಟ್ಟು 1,963. ಉಳಿದದ್ದು 217 ಪೌಂಡ್. ಒಬ್ಬಳೇ ಇದ್ದು ಬ್ಯಾಂಡ್ 4ರಲ್ಲಿ 1,050 ಉಳಿಸುತ್ತಿದ್ದವಳಿಗೆ ನಾನೂರು ಪೌಂಡ್ ಹೆಚ್ಚು ದುಡಿದರೂ ಉಳಿದದ್ದು ಇಷ್ಟು. ಇದರಲ್ಲಿ ದುಂದು ಏನೂ ಇಲ್ಲ. ಸಣ್ಣ ಮನೆ, ಬಸ್ಸು, ಮನೆಯ ಊಟ.

ಮಗುವಿನ ವಿಷಯವನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ಊರಿನಲ್ಲಿ ಕುಳಿತು ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲಿ ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ, ಇಲ್ಲವೇ ಪಕ್ಕದ ಮನೆಯವರು. ಇಲ್ಲಿ ಇಡೀ ದಿನದ ನರ್ಸರಿಗೆ ಹಾಕಿದರೆ ತಿಂಗಳಿಗೆ ಸಾವಿರ ಪೌಂಡ್ ದಾಟುತ್ತದೆ. ಮೂರು ವರ್ಷ ತುಂಬಿದ ಮಕ್ಕಳಿಗೆ, ತುಂಬಿದ ನಂತರದ ಶಾಲಾ ಅವಧಿಯಿಂದ, ವರ್ಷದಲ್ಲಿ 38 ವಾರ, ವಾರಕ್ಕೆ 15 ಗಂಟೆ ಉಚಿತವಾಗಿ ಸಿಗುತ್ತದೆ, ಇದು ವೀಸಾದವರ ಮಕ್ಕಳಿಗೂ ಇದೆ. ದುಡಿಯುವ ತಂದೆತಾಯಿಗೆ ಸಿಗುವ 30 ಗಂಟೆಯ ಸೌಲಭ್ಯ ಮಾತ್ರ, ಇಬ್ಬರೂ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತಿನ ವೀಸಾದಲ್ಲಿ ಇದ್ದರೆ ಸಿಗುವುದಿಲ್ಲ. ಈ ಕಾರಣಕ್ಕಾಗಿಯೇ ಮಗಳಿಗೆ ಮೂರು ತುಂಬುವವರೆಗೆ ಕಾದು ಕರೆಸಿಕೊಂಡೆವು. ಅಷ್ಟು ಕಾಲ ಅವಳನ್ನು ಬಿಟ್ಟಿದ್ದದ್ದು ಯಾವ ಕಾಲಂನಲ್ಲೂ ಬರೆಯಲಾಗದ ಬೆಲೆ, ಮತ್ತು ನಾನು ತೆತ್ತ ಬೆಲೆಗಳಲ್ಲಿ ಅದೇ ದೊಡ್ಡದು.

ಮನೆಯವರು ಭಾಲ್ಕಿಯಲ್ಲಿ ಬೀಜ-ಗೊಬ್ಬರದ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಇಲ್ಲಿ ಅವರಿಗೆ ಸಿಕ್ಕದ್ದು ಗೋದಾಮಿನ ಕೆಲಸ, ವಾರಕ್ಕೆ 20 ಗಂಟೆ. 2025ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆದುದರಿಂದ ಅವರ ತಿಂಗಳ ದುಡಿಮೆ ಸಾವಿರ ಪೌಂಡ್ ದಾಟಿತು, ಅದರಲ್ಲಿ ತೆರಿಗೆ ಹೆಚ್ಚುಕಡಿಮೆ ಇರಲಿಲ್ಲ. ನನ್ನ ಪಾಳಿ ಇಲ್ಲದ ದಿನಗಳಲ್ಲಿ ಅವರು ಕೆಲಸಕ್ಕೆ, ಅವರ ಕೆಲಸ ಇಲ್ಲದ ದಿನಗಳಲ್ಲಿ ನಾನು ಕೆಲಸಕ್ಕೆ ಎಂದು ರೋಸ್ಟರ್ ಹೊಂದಿಸಿಕೊಂಡಿದ್ದೇವೆ. ಮೂವರೂ ಒಟ್ಟಿಗೆ ಕುಳಿತು ಉಣ್ಣುವ ಹೊತ್ತು ವಾರದಲ್ಲಿ ಅಪರೂಪ. ಉಳಿತಾಯ ಮಾತ್ರ ಮತ್ತೆ 1,200ರ ಮೇಲೆ ಬಂದಿದೆ. ಕುಟುಂಬದ ಉಳಿತಾಯವನ್ನು ತೀರ್ಮಾನಿಸುವುದು ನರ್ಸ್‌ನ ಬ್ಯಾಂಡ್‌ಗಿಂತ ಹೆಚ್ಚಾಗಿ ಸಂಗಾತಿಯ ದುಡಿಮೆ ಮತ್ತು ಮಗುವಿನ ವಯಸ್ಸು ಎಂದು ನಾನು ಕಂಡುಕೊಂಡದ್ದು ಹೀಗೆ.

ಈಗ ಯೋಚಿಸುತ್ತಿರುವವರು ಎರಡು ಸಂಗತಿಗಳನ್ನು ಗಮನಿಸಬೇಕು. 2024ರಿಂದೀಚೆಗೆ ಎನ್‌ಎಚ್‌ಎಸ್ ಆಸ್ಪತ್ರೆಗಳು ಹೊರದೇಶದ ನರ್ಸ್‌ಗಳ ನೇಮಕವನ್ನು ಬಹಳ ತಗ್ಗಿಸಿವೆ. ಆ ಜಾಗದಲ್ಲಿ ವೃದ್ಧರ ಆರೈಕೆಯ ಕೆಲಸ ತೋರಿಸಿ ಕರೆಯುವವರಿದ್ದರು. ಕೇರ್ ವರ್ಕರ್ ವೀಸಾದವರು 2024ರ ಮಾರ್ಚ್ 11ರಿಂದ ಕುಟುಂಬ ಕರೆಸಿಕೊಳ್ಳುವಂತಿಲ್ಲ, 2025ರ ಜುಲೈನಿಂದ ಹೊರದೇಶದಿಂದ ಆ ಕೆಲಸಕ್ಕೆ ಹೊಸ ನೇಮಕವೇ ನಿಂತಿದೆ. ಇನ್ನೊಂದು, ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸದ ಹಕ್ಕನ್ನು ಹತ್ತು ವರ್ಷಕ್ಕೆ ಮುಂದೂಡುವ ಪ್ರಸ್ತಾವವನ್ನು ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಇಟ್ಟಿತು. ಆ ಹಕ್ಕಿಗಾಗಿ, 2025ರ ದರದಲ್ಲಿ ತಲೆಗೆ 3,029 ಪೌಂಡಿನಂತೆ, ಮೂವರ ಅರ್ಜಿಗೆ ನಾವು ತಿಂಗಳಿಗೆ 150 ಪೌಂಡ್ ಎತ್ತಿಡುತ್ತಿದ್ದೇವೆ. ನೇಮಕಪತ್ರ ಕಳಿಸಿ ನನ್ನ ಅಭಿಪ್ರಾಯ ಕೇಳುವವರಿಗೆ ನಾನು ಕೇಳುವುದು ಇಷ್ಟೇ: ನೋಂದಣಿಯವರೆಗೆ ಯಾವ ಬ್ಯಾಂಡ್, ಆಸ್ಪತ್ರೆಯ ಕೋಣೆ ಎಷ್ಟು ವಾರ ಉಚಿತ, ಬಿಟ್ಟು ಹೋದರೆ ಎಷ್ಟು ಹಿಂದಿರುಗಿಸಬೇಕು, ಮಗು ಇದ್ದರೆ ಅದರ ವಯಸ್ಸೆಷ್ಟು, ಮತ್ತು ಆ ಊರಿನ ನರ್ಸರಿಯ ದರ ಕೇಳಿಕೊಂಡಿದ್ದೀರಾ.