ಹಳೇ ಟೀವಿ ಗೇಮ್‌ಗಳನ್ನು ಪ್ರದರ್ಶನಕ್ಕೆ ಇಡುವುದು ಹೇಗೆ

ತುಮಕೂರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ತೊಂಬತ್ತರ ದಶಕದ ಟೀವಿ ಗೇಮ್‌ಗಳನ್ನು ಜನ ಆಡುವಂತೆ ಇಡಬೇಕೆಂದಿದ್ದರೆ ಮೊದಲ ನಿಯಮ ಇದು: ಒಳಗಿನ ಆಟವನ್ನು ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳದ ಕ್ಯಾಸೆಟ್ ಯಾರ ಕೈಗೂ ಹೋಗಬಾರದು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಫ್ಯಾಮಿಕಾಮ್, ಅಂದರೆ ಜಪಾನಿನ ನಿಂಟೆಂಡೊ ಕಂಪನಿಯ 1983ರ ಟೀವಿ ಗೇಮ್ ಪೆಟ್ಟಿಗೆಯ ನಕಲುಗಳು. ಅಂಥ ಕ್ಯಾಸೆಟ್ ಬಿಚ್ಚಿದರೆ ಸಾಮಾನ್ಯವಾಗಿ ಚಿಪ್ ಬದಲು ಬೋರ್ಡಿನ ಮೇಲೆ ಕಪ್ಪು ಅಂಟಿನ ದಪ್ಪ ಬೊಟ್ಟು ಕಾಣುತ್ತದೆ. ಅದರೊಳಗಿರುವುದು ಕೆಟ್ಟರೆ ಬದಲಿಸುವ ದಾರಿಯೇ ಇಲ್ಲ.

ಕ್ಯಾಸೆಟ್‌ನ ಪಿನ್ನುಗಳನ್ನು 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿಯಿಂದ ಉದ್ದಕ್ಕೆ ಒರೆಸಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಹೊಸ ಕಡ್ಡಿ ತೆಗೆದುಕೊಳ್ಳುತ್ತಿರಿ, ಆಮೇಲೆ ಹತ್ತು ನಿಮಿಷ ಆರಲು ಬಿಡಿ. ಥಿನ್ನರ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಬಾಯಿಂದ ಊದುವುದಂತೂ ಬೇಡವೇ ಬೇಡ. ಉಸಿರಿನ ತೇವಕ್ಕೆ ಪಿನ್ನು ಕಿಲುಬು ಹಿಡಿಯುತ್ತದೆ.

ಪ್ರತಿ ತೆಗೆಯಲು ಕ್ಯಾಸೆಟ್‌ನಲ್ಲಿರುವುದನ್ನು ಕಂಪ್ಯೂಟರಿಗೆ ಓದಿಸುವ ಕ್ಯಾಸೆಟ್ ರೀಡರ್ ಬೇಕು. ಎರಡು ಸಲ ಓದಿಸಿ, ಎರಡೂ ಫೈಲುಗಳ ಎಸ್‌ಎಚ್‌ಎ-256 ಹ್ಯಾಷ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಹೋಲಿಸಿ. ಹೊಂದದಿದ್ದರೆ ಪಿನ್ನು ಇನ್ನೂ ಕೊಳೆ ಎಂದೇ ಮೊದಲು ಅನುಮಾನಿಸಿ. ಹಲವು ಆಟಗಳಿರುವ ಕ್ಯಾಸೆಟ್‌ಗಳಲ್ಲಿ ಮ್ಯಾಪರ್ (ಕ್ಯಾಸೆಟ್ಟಿನ ಮೆಮೊರಿ ಭಾಗಗಳನ್ನು ಬದಲಿಸಿ ತೋರಿಸುವ ಸರ್ಕಿಟ್‌ನ ಬಗೆ) ತಪ್ಪು ಆರಿಸಿದರೆ ಒಂದಷ್ಟು ಭಾಗ ಮಾತ್ರ ಬರುತ್ತದೆ, ಆಗಲೂ ಹ್ಯಾಷ್ ಹೊಂದಬಹುದು. ಆದ್ದರಿಂದ ಪಟ್ಟಿಯಲ್ಲಿರುವ ಪ್ರತಿ ಆಟವನ್ನೂ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನಲ್ಲಿ ಹಳೇ ಆಟ ಓಡಿಸುವ ತಂತ್ರಾಂಶ) ತೆರೆದು ನೋಡಲೇಬೇಕು. ಜಾಗದ ಚಿಂತೆ ಬೇಡ, 1985ರ ಸೂಪರ್ ಮಾರಿಯೊ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್. ಮೂರು ಕಡೆ ಇಡಿ, ಒಂದು ಬೇರೆ ಊರಿನಲ್ಲಿರಲಿ. ಇಂಟರ್ನೆಟ್ಟಿಗೆ ಮಾತ್ರ ಏರಿಸಬೇಡಿ, ಆಟದ ಹಕ್ಕು ಕಂಪನಿಯದು.

ಅಡಾಪ್ಟರನ್ನು ಮಲ್ಟಿಮೀಟರ್ ಇಲ್ಲದೆ ಸಿಕ್ಕಿಸಬೇಡಿ. 9 ವೋಲ್ಟ್ ಎಂದು ಬರೆದ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಲೋಡ್ ಇಲ್ಲದಾಗ 12–13 ತೋರಿಸಿದರೆ ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಪ್ಲಸ್-ಮೈನಸ್ ತಿರುವುಮುರುವಾದರೆ. ಫ್ಯಾಮಿಕಾಮ್‌ನಲ್ಲಿ ಅಡಾಪ್ಟರ್ ಪ್ಲಗ್ಗಿನ ನಡುವಿನದು ಮೈನಸ್, ನಕಲುಗಳನ್ನು ನಂಬುವಂತಿಲ್ಲ. ಗುರುತಿಲ್ಲದಿದ್ದರೆ ಪೆಟ್ಟಿಗೆ ಬಿಚ್ಚಿ, 7805 ರೆಗ್ಯುಲೇಟರಿನ (5 ವೋಲ್ಟ್ ಕೊಡುವ ಮೂರು ಕಾಲಿನ ಬಿಡಿಭಾಗ) ನಡುಗಾಲಿಗೆ ಜೋಡಿಸಿರುವ ಬದಿ ಯಾವುದೆಂದು ಪತ್ತೆ ಮಾಡಿ. ಅದೇ ಮೈನಸ್.

ಡಬ್ಬಾ ಟೀವಿಯನ್ನು ಗುಜರಿಗೆ ಹೋಗುವ ಮುಂಚೆಯೇ ಹುಡುಕಿಕೊಳ್ಳಿ. ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟಕ್ಕೆ ಅದು ಬೇಕೇ ಬೇಕು. ಟ್ರಿಗರ್ ಒತ್ತಿದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ, ಹಕ್ಕಿಯಿದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಗನ್ನಿನೊಳಗಿನ ಸೆನ್ಸರ್ ಆ ಬೆಳಕನ್ನು ಆ ಕ್ಷಣದಲ್ಲೇ ಹಿಡಿಯಬೇಕು. ಎಲ್‌ಸಿಡಿಯಲ್ಲಿ ಚಿತ್ರ ತಡವಾಗಿ ಮೂಡುತ್ತದೆ, ಗನ್ನು ಕಾಯುವ ಮಿನುಗೂ ಅದರಲ್ಲಿಲ್ಲ. ಎಷ್ಟು ಗುರಿಯಿಟ್ಟರೂ ಹಕ್ಕಿ ಬೀಳುವುದಿಲ್ಲ, ಮಕ್ಕಳು ಗನ್ನೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಟೀವಿಗೆ ಸ್ಟೆಬಿಲೈಸರ್ ಹಾಕಿ, ಹಿಂದೆ ಒಂದು ಗೇಣು ಗಾಳಿ ಆಡಲು ಬಿಡಿ. ಹಿಂಬದಿ ಮುಚ್ಚಳ ನೀವೇ ತೆಗೆಯಬೇಡಿ. ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಜನರ ಕೈಗೆ ಸುಲಭವಾಗಿ ಸಿಗುವ ಇನ್ನೊಂದು ನಕಲು ಪೆಟ್ಟಿಗೆ ಕೊಡಿ, ಅಪರೂಪದ್ದು ಗಾಜಿನ ಕಪಾಟಿನಲ್ಲಿರಲಿ, ಬಿಸಿಲು ತಾಗದಂತೆ, ಸಿಲಿಕಾ ಜೆಲ್ ಜೊತೆ. ಹೆಚ್ಚು ಏಟು ತಿನ್ನುವುದು ಆಡುವವರು ಕೈಯಲ್ಲಿ ಹಿಡಿಯುವ ರಿಮೋಟು. ವೈರು ಬುಡದಲ್ಲೇ ಕಿತ್ತುಬರುತ್ತದೆ. ಅದಕ್ಕೆ ಒಂದಡಿ ಸಡಿಲ ಬಿಟ್ಟು ಮೇಜಿಗೆ ಕ್ಲಿಪ್ ಹೊಡೆಯಿರಿ, ಎಳೆತ ಕ್ಲಿಪ್ಪಿನ ಮೇಲೆ ಬೀಳಲಿ. ಜೊತೆಗೆ ನಾಲ್ಕು ಬದಲಿ ರಿಮೋಟು ಇರಲಿ, ಆದರೆ ಕೊಳ್ಳುವಾಗಲೇ ಸಿಕ್ಕಿಸಿ ನೋಡಿ: ಪ್ಲಗ್ಗು ಒಂದೇ ಥರ ಕಂಡರೂ ಒಳಗಿನ ವೈರಿಂಗ್ ಬೇರೆ ಇರುತ್ತದೆ. ಸಿದ್ಧಗಂಗೆ ಜಾತ್ರೆಯ ವಸ್ತುಪ್ರದರ್ಶನದಂಥ ಧೂಳಿನ ಜಾಗದಲ್ಲಿ ಮಳಿಗೆ ಹಾಕುವುದಾದರೆ ಕ್ಯಾಸೆಟ್ ಬದಲಿಸಲು ಬಿಡದೆ ಒಂದನ್ನೇ ಸಿಕ್ಕಿಸಿಟ್ಟು, ರಾತ್ರಿ ಬಟ್ಟೆ ಹೊದಿಸಿ.